ಡ್ರೈವರ್ ಗಾಡಿ ಬಿಟ್ಟು ಹೋಗಬಾರದು

ಮನೆ ಬಿಟ್ಟು ಇನ್ನೂ ಎರಡನೇ ದಿನ. ಪೆಟ್ರೋಲ್ ಬಂಕಿನಲ್ಲಿ ವ್ಯಾನಿಗೆ ಡೀಸೆಲ್ ಹಾಕಿಸುತ್ತಾ ನಿಂತಿದ್ದ ಇಸ್ತ್ರಿ ಅಕ್ಕನಿಗೆ ಮಗಳ ಫೋನು ಬಂತು.

"ಅಮ್ಮ, ನಿನಗೇನು ತಲೆ ಕೆಟ್ಟಿದೆಯಾ? ಅಪ್ಪನಿಗೆ ಕಣ್ಣು ಕಾಣಲ್ಲ, ನಿನಗೆ ಗಾಡಿ ಓಡಿಸೋಕೆ ಬರಲ್ಲ. ಇಬ್ಬರೂ ಸೇರಿ ಕಾಡು ಸುತ್ತೋಕೆ ಹೊರಟಿದ್ದೀರಲ್ಲ, ಜನ ಕೇಳಿದ್ರೆ ಏನಂತಾರೆ?"

"ಜನ ಕೇಳಿದ್ರೆ ವ್ಯಾನಲ್ಲಿ ಹಿಂದೆ ಜಾಗ ಇದೆ ಅನ್ನು. ಮತ್ತೆ ಅಪ್ಪನಿಗೆ ಇನ್ನೂ ಕಾಣುತ್ತೆ ಕಣೇ. ಅದಕ್ಕೇ ಈಗ ಹೋಗ್ತಿರೋದು. ಪೂರ್ತಿ ಹೋದ ಮೇಲೆ ಕರ್ಕೊಂಡು ಹೋಗಿ ಏನು ಮಾಡ್ಲಿ, ಜಲಪಾತದ ವಾಸನೆ ತೋರಿಸ್ಲಾ?"

"ವಾಪಸ್ ಬಾ ಅಮ್ಮ. ಇವತ್ತೇ ಬಾ."

ಅಷ್ಟರಲ್ಲಿ ಬಂಕಿನವನು ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿ, ಇಲ್ಲಿ ಫೋನಿನಲ್ಲಿ ಮಾತಾಡಬಾರದು ಅಂತ ಕೂಗಿದ. "ಕೇಳಿಸ್ತಾ? ಇಲ್ಲಿ ಮಾತಾಡೋ ಹಾಗಿಲ್ಲವಂತೆ" ಅಂದವಳೇ ಕಟ್ ಮಾಡಿ ಫೋನನ್ನು ಬ್ಯಾಗಿಗೆ ತುರುಕಿದಳು. ಅಲ್ಲಿಯವರೆಗೆ ಅವಳ ಬದುಕಿನಲ್ಲಿ ಬೋರ್ಡುಗಳೆಲ್ಲ ಅವಳಿಗೆ ಬೇಡ ಅಂದವೇ. ಇದೊಂದು ಅವಳ ಪರವಾಗಿ ನಿಂತಿತು.

ಇಸ್ತ್ರಿ ಅಕ್ಕ ಅನ್ನುವುದು ಆಸ್ಪತ್ರೆಯವರು ಇಟ್ಟ ಹೆಸರು. ಅಲ್ಲಿನ ಬಟ್ಟೆ ಕೋಣೆಯಲ್ಲಿ, ಒದ್ದೆ ಹಬೆಯ ನಡುವೆ, ಹಾಸಿಗೆಯ ಹೊದಿಕೆಗಳಿಗೆ, ಡಾಕ್ಟರುಗಳ ಕೋಟುಗಳಿಗೆ ಇಸ್ತ್ರಿ ಹಾಕುತ್ತಲೇ ಅವಳ ಕೂದಲು ನೆರೆತದ್ದು. ಆ ಕೋಣೆಗೆ ಕಿಟಕಿ ಇರಲಿಲ್ಲ. ಮನೆಯ ಅಡುಗೆಮನೆಗೆ ಒಂದು ಕಿಟಕಿ ಇತ್ತು, ಅದು ತೆರೆದರೆ ಪಕ್ಕದ ಮನೆಯ ಗೋಡೆ. ಅದೂ ಸುಣ್ಣ ಕಾಣದ ಗೋಡೆ. ಹಾಗಿದ್ದೂ ಲೋಕದ ದೊಡ್ಡ ದೊಡ್ಡ ಕಾಡು, ಕಣಿವೆ, ಸರೋವರಗಳನ್ನೆಲ್ಲ ಅವಳು ನೋಡಿದ್ದು ಆ ಗೋಡೆಯ ಮೇಲೆಯೇ.

ಹೇಗೆಂದರೆ, ಅವಳ ಗಂಡ ಪ್ರವಾಸಿ ಬಸ್ಸಿನ ಡ್ರೈವರ್. ದೇಶದ ರಾಷ್ಟ್ರೀಯ ಉದ್ಯಾನಗಳಿಗೆಲ್ಲ ಜನರನ್ನು ತುಂಬಿಕೊಂಡು ಹೋಗಿ, ಬಂದು, ಮತ್ತೆ ಹೋಗುವುದೇ ಅವನ ಕೆಲಸ. ಪ್ರತಿ ಸಲ ಬಂದಾಗಲೂ ಶೂ ಬಿಚ್ಚಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಟೀ ಲೋಟ ಹಿಡಿದು ಶುರುಮಾಡುವನು. ಒಂದು ಗುಹೆ ಇದೆಯಂತೆ, ಒಳಗೆ ಕೂಗಿದರೆ ನಾವು ಹೊರಗೆ ಬಂದ ಮೇಲೂ ಕೂಗು ಅಲ್ಲೇ ಸುತ್ತುತ್ತಿರುತ್ತದಂತೆ. ಒಂದು ಸರೋವರ ಇದೆಯಂತೆ, ಬೆಟ್ಟ ಅದರೊಳಗೆ ತಲೆಕೆಳಗಾಗಿ ನಿಂತಿರುತ್ತದಂತೆ. ಕೊನೆಗೆ ಆ ಜಲಪಾತ. "ಅದು ನೀರು ಬೀಳೋದಲ್ಲ ಕಣೇ, ಮುಗಿಲೇ ಕಳಚಿ ಬೀಳುತ್ತೆ!" ಇದನ್ನು ಹೇಳುವಾಗ ಟೀ ಲೋಟ ತುಳುಕುತ್ತಿತ್ತು. ಅವಳು ಕಿಟಕಿಯಾಚೆ ನೋಡುತ್ತಾ ಕೇಳುವಳು. ಮಕ್ಕಳು ಮಲಗಲು ಹಟ ಮಾಡಿದರೆ ಅದೇ ಕತೆಗಳನ್ನು ಉಪ್ಪುಖಾರ ಹಚ್ಚಿ ಅವರಿಗೆ ಬಡಿಸುವಳು.

"ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗ್ರೀ" ಅಂತ ಕೇಳದೆ ಇದ್ದಳೇ? ಕೇಳಿದ್ದಳು. ಡ್ರೈವರ್ ಮನೆಯವರನ್ನು ಬಸ್ಸಿಗೆ ಹತ್ತಿಸಬಾರದು ಅಂತ ಕಂಪನಿಯ ರೂಲು. ಅವಳಿಗೆ ರಜ ಸಿಕ್ಕಾಗ ಅವನಿಗೆ ಟ್ರಿಪ್ಪು, ಅವನಿಗೆ ರಜ ಸಿಕ್ಕಾಗ ಮಕ್ಕಳಿಗೆ ಪರೀಕ್ಷೆ. ಆಮೇಲೆ ನೋಡೋಣ, ಆಮೇಲೆ ನೋಡೋಣ ಅಂತ ವರ್ಷಗಳು ಉರುಳಿದವು. ಆ 'ಆಮೇಲೆ' ಬಂದದ್ದು ಕಣ್ಣಿನ ಆಸ್ಪತ್ರೆಯಲ್ಲಿ. ಕಣ್ಣಿನ ನರ ಒಣಗುತ್ತಿದೆ ಅಂದರು ಡಾಕ್ಟರು. ಪಕ್ಕದ ನೋಟ ಆಗಲೇ ಹೋಗಿತ್ತು. ಎದುರಿಗಿರುವುದು ಮಾತ್ರ, ಅದೂ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನ ಇರುತ್ತದೋ ಹೇಳಲಾಗುವುದಿಲ್ಲ. ಬಸ್ಸಿನ ಕೀಲಿ ಕಂಪನಿ ತೆಗೆದುಕೊಂಡಿತು. ಸ್ಕೂಟರಿನ ಕೀಲಿ ಮಗಳು ತೆಗೆದುಕೊಂಡಳು. ಗಂಡ ನಡುಮನೆಯ ಮೂಲೆಯ ಕುರ್ಚಿ ಹಿಡಿದು, ಆರಿಸಿದ ಟಿ.ವಿ.ಯ ಎದುರು ಕೂತುಬಿಟ್ಟ.

ಇಸ್ತ್ರಿ ಅಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಡಾಕ್ಟರ ಮೇಲೆ, ಆ ನರದ ಮೇಲೆ, ಆ ಕುರ್ಚಿಯ ಮೇಲೆ. ಈ ಮನುಷ್ಯ ಕೊನೆಯದಾಗಿ ನೋಡುವುದು ಪಕ್ಕದ ಮನೆಯ ಸುಣ್ಣ ಕಾಣದ ಗೋಡೆ ಆಗಬೇಕಾ? ಆಗಬಾರದು. ಅವನು ಅಷ್ಟು ಪ್ರೀತಿಸಿದ ಆ ಗುಹೆ, ಆ ಸರೋವರ, ಆ ಜಲಪಾತ ಇನ್ನೊಂದು ಸಲ ಅವನ ಕಣ್ಣಿಗೆ ಬೀಳಬೇಕು, ಕಣ್ಣು ಇರುವಾಗಲೇ ಬೀಳಬೇಕು. ಅವಳೂ ಪಕ್ಕದಲ್ಲಿ ನಿಂತು ನೋಡಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಡ್ರೈವಿಂಗ್ ಸ್ಕೂಲಿನವನು ಕೇಳಿದ್ದ, "ಅಮ್ಮಾ, ಈ ವಯಸ್ಸಲ್ಲಿ ಯಾಕೆ?" "ನಿನ್ನ ವಯಸ್ಸಲ್ಲಿ ನನಗೆ ಪುರುಸೊತ್ತಿರಲಿಲ್ಲ ಕಣಪ್ಪ" ಅಂದಿದ್ದಳು. ಪರೀಕ್ಷೆಯ ದಿಣ್ಣೆಯ ಮೇಲೆ ಗಾಡಿ ನಿಂತು ಹಿಂದಕ್ಕೆ ಜಾರಿ ಫೇಲಾದಳು. ಮತ್ತೆ ಹೋದಳು, ಮತ್ತೆ ಫೇಲು. ಮೂರನೇ ಸಲ ಅದೇ ದಿಣ್ಣೆಯನ್ನು, ಹಲ್ಲು ಕಚ್ಚಿ, ಪರೀಕ್ಷೆ ಮಾಡುವವನು ಸೀಟು ಹಿಡಿದುಕೊಳ್ಳುವ ಹಾಗೆ ಹತ್ತಿಸಿದಳು. ಬೇಕರಿ ಇಟ್ಟಿದ್ದ ತಮ್ಮ ತನ್ನ ಹಳೆಯ ಬ್ರೆಡ್ಡಿನ ವ್ಯಾನು ಕೊಟ್ಟ. ಹಿಂದೆ ಹಾಸಿಗೆ ಹಾಸಿದಳು. ಮಕ್ಕಳಿಗೆ ಹೇಳಿದ್ದು ಹೊರಟ ಮೇಲೆ. ಹೇಳಿದ್ದರೆ ಬಿಡುತ್ತಿದ್ದರೇ?

ಇನ್ನು ಪಕ್ಕದ ಸೀಟಿನ ಮಹಾರಾಯ. ಕಣ್ಣು ಹೋದರೂ ಕಿವಿ ಹೋಗಿರಲಿಲ್ಲವಲ್ಲ. "ಗೇರು ಅಳ್ತಿದೆ, ಬದಲಾಯ್ಸು. ಕ್ಲಚ್ಚು... ಕ್ಲಚ್ಚು ಒತ್ತೇ! ಅದು ಗೇರು ಕಣೇ, ಹಿಟ್ಟು ರುಬ್ಬೋ ಗುಂಡಲ್ಲ." ತಿರುವು ಬಂದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಸುಮ್ನೆ ಕೂತ್ಕೋತೀರಾ, ಇಲ್ಲ ಹಿಂದೆ ಹಾಸಿಗೆ ಮೇಲೆ ಕಟ್ಟಿ ಹಾಕ್ಲಾ?" ಅಂತ ಗದರುವಳು. ಆದರೂ ಅವನ ಮುಖಕ್ಕೆ ಕುರ್ಚಿಯಲ್ಲಿ ಇಲ್ಲದ ಕಳೆ ಬಂದಿತ್ತು. ಅವಳು ಅದನ್ನು ಗಮನಿಸಿದ್ದಳು.

ಮೊದಲ ಉದ್ಯಾನ ಗುಹೆಯದು. ಗೇಟು ದಾಟಿದ್ದೇ ಗಂಡ ಮೈ ನೆಟ್ಟಗೆ ಮಾಡಿ ಕೂತ. "ಎಡಕ್ಕೆ ತಗೋ. ಆ ಮರದ ಕೆಳಗೆ ಬೇಡ, ಅಂಟು ಸುರಿಯುತ್ತೆ. ಈ ಗೋಡೆ ಪಕ್ಕ ಹಾಕು, ಮಧ್ಯಾಹ್ನದವರೆಗೂ ನೆರಳು. ನಲ್ಲಿ ಅಲ್ಲಿದೆ, ನೀರು ಸಿಹಿ. ಟೀ ಅಂಗಡೀಲಿ ಮೊದಲನೇ ಅಂಗಡಿ ಬೇಡ, ಎರಡನೇದು." ಎಲ್ಲ ಅಂಗೈ ನೆಲ್ಲಿಕಾಯಿ. ಇಸ್ತ್ರಿ ಅಕ್ಕನಿಗೆ ಹೆಮ್ಮೆಯಾಯಿತು. ಇಳಿದು ಅವನ ತೋಳು ಹಿಡಿದು, "ಸರಿ, ಗುಹೆ ಎಲ್ಲಿ? ಕರ್ಕೊಂಡು ನಡೀರಿ" ಅಂದಳು.

ಅವನು ಎಡಕ್ಕೆ ಹೆಜ್ಜೆ ಹಾಕಿದ. ಎಡಕ್ಕೆ ಹೋದರೆ ಶೌಚಾಲಯ. ಬಲಕ್ಕೆ ತಿರುಗಿದ. ಅಲ್ಲಿ ತಂತಿಬೇಲಿ. ಆಳೆತ್ತರದ ಬೋರ್ಡು ಗುಹೆಗೆ ದಾರಿ ಅಂತ ಬಾಣ ಹಾಕಿ ಅವರ ಬೆನ್ನ ಹಿಂದೆ ನಿಂತಿತ್ತು.

"ದಾರಿ ಬದಲಾಯಿಸಿರಬೇಕು" ಅಂದ.

"ಗುಹೆನೂ ಬದಲಾಯಿಸಿದ್ರಾ?" ಅವಳು ಅವನ ಎದುರಿಗೆ ಬಂದು ನಿಂತಳು. "ರೀ, ನಿಜ ಹೇಳಿ. ನೀವು ಈ ಗುಹೆ ನೋಡಿದ್ದೀರಾ?"

ಗಂಡ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ.

"ಡ್ರೈವರ್ ಗಾಡಿ ಬಿಟ್ಟು ಹೋಗಬಾರದು ಕಣೇ. ಜನರ ಲಗೇಜೆಲ್ಲ ಒಳಗಿರುತ್ತೆ. ನಮ್ಮವನೇ ಒಬ್ಬ ಹಿಂಗೆ ಐದು ನಿಮಿಷ ನೋಡ್ಕೊಂಡು ಬರ್ತೀನಿ ಅಂತ ಹೋದ. ಬರೋಷ್ಟರಲ್ಲಿ ಒಬ್ಬಮ್ಮನ ಪೆಟ್ಟಿಗೆ ಇಲ್ಲ. ಅವತ್ತೇ ಅವನ ಕೆಲಸ ಹೋಯ್ತು. ನಮಗೆ ಮಕ್ಕಳು ಸಣ್ಣವರು. ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಗಾಡಿ ಕಾಯ್ತಿದ್ದೆ."

"ಮತ್ತೆ ಆ ಕತೆಗಳೆಲ್ಲ?"

"ಪ್ಯಾಸೆಂಜರುಗಳು ವಾಪಸ್ ಬಂದು ಹೇಳ್ತಿದ್ರು. ಬಸ್ಸಿನ ತುಂಬಾ ಅದೇ ಮಾತು. ನಾನು ಕೇಳಿಸ್ಕೊಳ್ತಿದ್ದೆ. ಚೆನ್ನಾಗಿ ಹೇಳೋರ ಮಾತನ್ನ ನೆನಪಿಟ್ಕೊಂಡು..."

"ನನಗೆ ತಂದು ಬಡಿಸಿದ್ರಿ!" ಪಾರ್ಕಿಂಗಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. "ಒಂದು ಜನ್ಮ ಪೂರ್ತಿ ನನ್ನ ಕಿವಿ ಮೇಲೆ ಹೂವಿಟ್ರಿ. ನಾನು ಆ ಕಿಟಕಿ ಮುಂದೆ ನಿಂತು, ಅಯ್ಯೋ, ನನ್ನ ಗಂಡ ಎಷ್ಟೊಂದು ನೋಡಿದ್ದಾರೆ ಅಂತ, ನಾನೊಬ್ಬಳೇ ಏನೂ ನೋಡಿಲ್ಲ ಅಂತ ಒಳಗೊಳಗೇ ಹೊಟ್ಟೆ ಉರ್ಕೊಂಡೆನಲ್ಲ! ನೀವು ನೋಡಿದ್ದು ಏನು? ನಲ್ಲಿ! ಶೌಚಾಲಯ!"

"ಎರಡನೇ ಟೀ ಅಂಗಡಿ" ಅಂದ ಗಂಡ, ಸಣ್ಣ ದನಿಯಲ್ಲಿ.

ಅವಳಿಗೆ ನಗು ಉಕ್ಕಿ ಬಂತು. ನಗಬಾರದು ಅಂತ ತುಟಿ ಕಚ್ಚಿಕೊಂಡಳು. ಆಮೇಲೆ ಒಂದು ಮಾತು ತಲೆಗೆ ಬಂತು. ಇನ್ನೊಂದು ಸಲ ನೋಡಲಿ ಅಂತ ಕರೆತಂದಿದ್ದಳು. ಅವನೋ ಮೊದಲನೇ ಸಲವೂ ನೋಡಿರಲಿಲ್ಲ. ಉಳಿದ ಆ ಹಿಡಿಯಷ್ಟು ನೋಟದಲ್ಲೇ ಎಲ್ಲ ಆಗಬೇಕಿತ್ತು.

"ನಡೀರಿ, ಈಗ ನೋಡೋಣ" ಅಂದಳು.

"ನೀನು ಹೋಗಿ ಬಾ. ನಾನು ವ್ಯಾನಿನ ಹತ್ರ ಇರ್ತೀನಿ."

"ಊರಿಗೆ ಬಂದವರು ನೀರಿಗೆ ಬರೋದಿಲ್ವಾ? ಹಳೇ ಬ್ರೆಡ್ಡಿನ ವ್ಯಾನನ್ನ ಯಾವ ಕಳ್ಳ ಕದೀತಾನೆ ರೀ?"

ಅವನು ಜಪ್ಪಯ್ಯ ಅಂದರೂ ಬರಲಿಲ್ಲ. ಅವಳೊಬ್ಬಳೇ ಹೋಗಿ ಗುಹೆ ನೋಡಿ ಬಂದಳು. ಬರುವಾಗ ಗಂಡ ವ್ಯಾನಿಗೆ ಒರಗಿ ನಿಂತು, ಕತ್ತು ಚಾಚಿ ಕಾಯುತ್ತಿದ್ದ. "ಹೇಗಿತ್ತು? ಹೇಳು, ಕೂಗಿದೆಯಾ? ಸುತ್ತುತ್ತಾ?"

"ಹೇಳಲ್ಲ."

"ಯಾಕೆ?"

"ನಾನು ನಿಮ್ಮ ಪ್ಯಾಸೆಂಜರಲ್ಲ. ಬೇಕಿದ್ರೆ ಹೋಗಿ ನೋಡಿ. ನನ್ನ ಬಾಯಿಂದ ಒಂದಕ್ಷರ ಬರಲ್ಲ." ಬಾಗಿಲು ಧಡಾರನೆ ಹಾಕಿ ಗಾಡಿ ಎತ್ತಿದಳು. ಗೇರು ಅತ್ತಿತು. ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿತು.

ಸರೋವರದ ಉದ್ಯಾನದಲ್ಲಿ ಅವಳು ಗೆದ್ದಂತೆಯೇ ಆಗಿತ್ತು. ಗೊಣಗುತ್ತಲೇ ಅವನು ಇಳಿದ, ಅವಳ ಹಿಂದೆ ಹತ್ತು ಹೆಜ್ಜೆ ಬಂದ. ಪಕ್ಕದಲ್ಲಿದ್ದ ಕಲ್ಲಿನ ಕಟ್ಟೆ ಅವನಿಗೆ ಕಾಣಲಿಲ್ಲ. ಮುಗ್ಗರಿಸಿ, ಎದುರು ಬರುತ್ತಿದ್ದ ಹುಡುಗಿಯರ ಗುಂಪಿನ ಮೇಲೆ ಬಿದ್ದ. "ಕಣ್ಣು ಕಾಣ್ಸಲ್ವಾ?" ಅಂದಳು ಒಬ್ಬಳು. "ಕಾಣ್ಸಲ್ಲ! ಏನೀಗ?" ಅಂತ ಇಸ್ತ್ರಿ ಅಕ್ಕ ಹುಲಿಯ ಹಾಗೆ ಎರಗಿದಳು. ಪಾಪ, ಆ ಹುಡುಗಿ ತಪ್ಪಾಯ್ತು ತಪ್ಪಾಯ್ತು ಅಂತ ಅವನನ್ನು ಎಬ್ಬಿಸಿ ಮಣ್ಣು ಕೊಡವಿದಳು. ಅವನು ಯಾರ ಮುಖವನ್ನೂ ನೋಡದೆ, ವ್ಯಾನನ್ನು ತಡವರಿಸಿ ಹುಡುಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತಲೆಕೆಳಗಾದ ಬೆಟ್ಟವನ್ನು ಇಬ್ಬರೂ ನೋಡಲಿಲ್ಲ.

"ಮನೆಗೆ ಹೋಗೋಣ" ಅಂದ. "ಮನೇಲಾದ್ರೆ ಎಲ್ಲಿ ಏನಿದೆ ಅಂತ ಗೊತ್ತು. ಗೋಡೆ ಗೊತ್ತು, ಬಾಗಿಲು ಗೊತ್ತು. ಇಲ್ಲಿ ನಾನು ಎಲ್ಲರ ಮುಂದೆ ತಡವರಿಸ್ಕೊಂಡು... ಇಷ್ಟು ದೊಡ್ಡ ಬಸ್ಸನ್ನ ಈ ಬೆಟ್ಟಗಳ ಮೇಲೆ ಆಡಿಸಿದವನು ಕಣೇ ನಾನು. ನನಗೆ ನಾಚಿಕೆ ಆಗುತ್ತೆ. ಭಯನೂ ಆಗುತ್ತೆ."

ಅವಳಿಗೂ ಮನೆ ನೆನಪಾಗುತ್ತಿರಲಿಲ್ಲವೇ? ಆಗುತ್ತಿತ್ತು. ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದು ತಿಂದು ನಾಲಿಗೆ ಸತ್ತಿತ್ತು. ಸೊಂಟ ಹಿಡಿದಿತ್ತು. ತನ್ನ ಹಾಸಿಗೆ, ತನ್ನ ದಿಂಬಿನ ತಗ್ಗು, ಸ್ನಾನದ ಮನೆಯ ಸೋರುವ ನಲ್ಲಿ ಕೂಡ ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಆ ಮನೆ ನೆನೆದರೆ ಮೂಲೆಯ ಕುರ್ಚಿಯೂ ಜೊತೆಗೇ ಬರುತ್ತಿತ್ತು. ಹೋದರೆ ಅವನು ಅದರಲ್ಲಿ ಕೂರುತ್ತಾನೆ, ಕೂತವನು ಏಳುವುದಿಲ್ಲ. ಅವಳಿಗೆ ಅದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ರಸ್ತೆ ಕವಲೊಡೆಯಿತು. ಎಡಕ್ಕೆ ಊರು, ಬಲಕ್ಕೆ ಜಲಪಾತದ ಉದ್ಯಾನ. ಗಂಡ ಬೋರ್ಡು ಓದಲಾರದೆ ಹೋದರೂ ಜಾಗ ಬಲ್ಲ. "ಎಡಕ್ಕೆ" ಅಂದ. ಫೋನು ಬಡಿದುಕೊಳ್ಳುತ್ತಿತ್ತು, ಮಗಳದ್ದು. ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಿದ್ದ. "ಎಡಕ್ಕೆ ಕಣೇ!"

"ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂತಾರೆ. ಇವತ್ತು ನಾನೇ ಕೋಣ, ಹೋಗ್ರೀ" ಅಂದವಳೇ ಬಲಕ್ಕೆ ತಿರುಗಿಸಿದಳು.

ಜಲಪಾತದ ಪಾರ್ಕಿಂಗಿನಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ನೀರಿನ ಸದ್ದು ಅಲ್ಲಿಗೇ ಕೇಳುತ್ತಿತ್ತು, ನೆಲದೊಳಗಿಂದ ಬಂದ ಹಾಗೆ. ಖಾಕಿ ತೊಟ್ಟ ಅರಣ್ಯ ಕಾವಲುಗಾರನನ್ನು ಅವಳು ಮೊದಲೇ ವಿಚಾರಿಸಿದಳು. ದಾರಿಯುದ್ದಕ್ಕೂ ಎರಡೂ ಕಡೆ ಕಬ್ಬಿಣದ ಕಂಬಿ ಇದೆ, ಕಂಬಿ ಹಿಡಿದರೆ ಮಕ್ಕಳೂ ಹೋಗಿ ಬರುತ್ತಾರೆ, ತುದಿಯಲ್ಲಿ ನಮ್ಮವನೊಬ್ಬ ನಿಂತಿರುತ್ತಾನೆ ಅಂದ. ಅವಳು ವ್ಯಾನಿಗೆ ಬಂದು ಡ್ರೈವರ್ ಸೀಟಿನಲ್ಲಿ ಕೂತು, ಗಂಡನ ಕಡೆಯ ಬಾಗಿಲು ತೆರೆದಳು.

"ಇಳೀರಿ."

"ಗಾಡಿ ಯಾರು..."

"ಗಾಡಿ ಡ್ರೈವರ್ ನೋಡ್ಕೋಬೇಕು. ಅದೇ ತಾನೇ ನಿಮ್ಮ ರೂಲು? ಡ್ರೈವರ್ ಯಾರು? ನಾನು. ನಾನು ಇಲ್ಲೇ ಇರ್ತೀನಿ. ನೀವು ಪ್ಯಾಸೆಂಜರು. ಪ್ಯಾಸೆಂಜರು ಬಸ್ಸಲ್ಲಿ ಕೂರೋ ಹಾಗಿಲ್ಲ, ಇಳಿದು ನೋಡ್ಕೊಂಡು ಬರಬೇಕು."

ಅವನೇ ಜೀವಮಾನವಿಡೀ ಪಾಲಿಸಿದ ರೂಲು, ಈಗ ಎದುರಿಗೆ ಕೈ ಕಟ್ಟಿ ಕೂತಿತ್ತು. "ನಿನಗೆ ನೋಡ್ಬೇಕು ಅಂತ ಆಸೆ ಇತ್ತಲ್ಲೇ" ಅಂದ.

"ಆಸೆ ಹಾಳಾಗ್ಲಿ. ನನ್ನ ಕಣ್ಣಿಗೇನು, ಇನ್ನೂ ಗಟ್ಟಿಯಾಗಿದೆ. ಬಿದ್ರೆ ಏಳಿ. ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಹೆಸರು ಹೇಳಿ. ಹೊರಡಿ."

ಅವನು ಇಳಿದ. ಕಾವಲುಗಾರ ಅವನ ಕೈಯನ್ನು ಕಂಬಿಗೆ ತಗುಲಿಸಿದ. ಮುದಿ ಬೆನ್ನು ಜನರ ನಡುವೆ ನಿಧಾನಕ್ಕೆ ಕರಗಿತು.

ಇಸ್ತ್ರಿ ಅಕ್ಕ ಸ್ಟೀರಿಂಗು ಹಿಡಿದು ಕೂತಳು. ಆಸ್ಪತ್ರೆಯಲ್ಲಿ, ಮನೆಯಲ್ಲಿ, ಎಲ್ಲೆಲ್ಲೂ ಕಾದವಳು ಅವಳು. ಆದರೆ ಈ ಥರ ಕಾದಿರಲಿಲ್ಲ. ನೋಡಿಬಂದ ಜನ ಗುಂಪು ಗುಂಪಾಗಿ ಅವಳ ಮುಂದೆಯೇ ಹಾದುಹೋಗುತ್ತಿದ್ದರು. ಒದ್ದೆ ಕೂದಲು, ಕೆಂಪೇರಿದ ಮುಖ, ಎಲ್ಲರೂ ಒಟ್ಟಿಗೇ ಮಾತು. ಇಷ್ಟು ಹತ್ತಿರ ಬಂದು ಆ ಸದ್ದನ್ನು ಕೇಳುತ್ತಾ ಕೂರುವುದೆಂದರೆ ಏನು ಅಂತ ಅವಳ ಕಾಲುಗಳಿಗೇ ಗೊತ್ತಾಯಿತು, ಇಳಿದು ಓಡಬೇಕು ಅಂತ ಅವು ತವಕಿಸುತ್ತಿದ್ದವು. ಅಯ್ಯೋ ಪುಣ್ಯಾತ್ಮ, ವರ್ಷಗಟ್ಟಲೆ ಹೀಗೆ ಕೂತಿದ್ದಾ? ಮನೆಗೆ ಬಂದು, ಸಿಕ್ಕಿದ ಎಂಜಲು ಮಾತನ್ನೂ ತನ್ನ ಪಾಲಿಗೆ ಇಟ್ಟುಕೊಳ್ಳದೆ ತಂದುಕೊಟ್ಟನಾ? ಗುಹೆಯ ಹತ್ತಿರ ಅಷ್ಟು ಕೂಗಾಡಬಾರದಿತ್ತು ಅನ್ನಿಸಿತು. ಮರುಕ್ಷಣ, ಕೂಗಾಡಿದ್ದಕ್ಕೇ ಅಲ್ಲವೇ ಇವತ್ತು ಹೋಗಿದ್ದು ಅಂತ ಸಮಾಧಾನ ಮಾಡಿಕೊಂಡಳು.

ಹೊತ್ತಾಯಿತು. ಬಹಳ ಹೊತ್ತಾಯಿತು. ಜಾರಿದನೋ, ಯಾವ ಕಡೆ ತಿರುಗಿದನೋ. ಮಗಳಿಗೆ ಏನಂತ ಹೇಳುವುದು? ಅವಳು ಬಾಗಿಲಿಗೆ ಕೈ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಆಗ ಅವನು ಬಂದ. ಕಂಬಿ ಹಿಡಿದೇ ಬಂದ, ಆದರೆ ಬಿರಬಿರನೆ ಬಂದ. ಅಂಗಿ ತೊಯ್ದು ಮೈಗೆ ಅಂಟಿತ್ತು. ಮುಖದಲ್ಲಿ ಸಿಟ್ಟಿತ್ತು.

"ಎಲ್ಲ ಸುಳ್ಳು ಹೇಳಿದ್ರು ಕಣೇ!" ಅಂತ ದೂರದಿಂದಲೇ ಕೂಗಿದ. "ಹಾಲಂತೆ, ಹೊಗೆಯಂತೆ, ಮುಗಿಲಂತೆ! ಒಬ್ಬನಾದ್ರೂ ನಿಜ ಹೇಳಿಲ್ಲ. ಹೇಳೋಕೆ ಬರೋದೇ ಇಲ್ಲ ಅದು. ಇಳಿ."

"ಗಾಡಿ?"

ಅವನು ಒಳಗೆ ಬಗ್ಗಿ, ತಡವಿ, ಕೀಲಿ ಕಿತ್ತು ಅವಳ ಕೈಗೆ ತುರುಕಿದ. "ಗಾಡಿ ಹಾಳು ಬಾವಿಗೆ ಬೀಳ್ಲಿ. ಇಳಿ ಅಂದ್ನಲ್ಲ!"

ಈ ಸಲ ಅವನು ಮುಂದೆ, ಅವಳು ಹಿಂದೆ. ಅವಳ ಮಣಿಕಟ್ಟನ್ನು ಬಿಡಲೇ ಇಲ್ಲ. ಎರಡು ಸಲ ಯಾರಿಗೋ ಡಿಕ್ಕಿ ಹೊಡೆದ, "ಕಣ್ಣು ಕಾಣಲ್ಲ, ದಾರಿ ಬಿಡಿ!" ಅಂತ ತಾನೇ ಗಟ್ಟಿಯಾಗಿ ಸಾರಿಕೊಂಡು ಮುಂದೆ ನುಗ್ಗಿದ. ಜನ ಬಿಟ್ಟರು. ತುದಿಯ ಕಂಬಿಯ ಹತ್ತಿರ ಬಂದಾಗ ತುಂತುರು ಮುಖಕ್ಕೆ ಹೊಡೆಯಿತು, ಎದೆಯೊಳಗೆ ಸದ್ದು ತುಂಬಿತು. ಇಸ್ತ್ರಿ ಅಕ್ಕ ತಲೆಯೆತ್ತಿ ನೋಡಿದಳು. ನೋಡಿದಳು, ಬಾಯಿ ತೆರೆದೇ ಇತ್ತು.

ಪಕ್ಕಕ್ಕೆ ತಿರುಗಿದರೆ ಗಂಡ ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಎದುರಿಗೆ ಬಂದು, ಆ ಕೊಳವೆಯಷ್ಟು ನೋಟವನ್ನು ಅವಳ ಮುಖದ ಮೇಲೆ ನೆಟ್ಟು ನಿಂತಿದ್ದ. ಹಣೆ ನೋಡಿದ, ಒಂದು ಕೆನ್ನೆ ನೋಡಿದ, ತಲೆ ತಿರುಗಿಸಿ ಇನ್ನೊಂದು ಕೆನ್ನೆ ನೋಡಿದ.

"ನೀರು ಅಲ್ಲಿದೆ ರೀ" ಅಂದಳು, ಕಿವಿಯ ಹತ್ತಿರ ಕೂಗಿ.

"ಗೊತ್ತು. ನೀರಿಗೆ ಸದ್ದಿದೆ, ಕಣ್ಣು ಹೋದ ಮೇಲೂ ಕೇಳಿಸುತ್ತೆ" ಅಂದ. "ನಿನ್ನ ಮುಖಕ್ಕೆ ಸದ್ದಿಲ್ಲವಲ್ಲೇ."

ಅವಳು ಅಳುವುದಿಲ್ಲ ಅಂತ ಹಟ ಹಿಡಿದಳು. ಅತ್ತರೆ ಮುಖ ಸೊಟ್ಟಗಾಗುತ್ತದೆ, ಸೊಟ್ಟ ಮುಖವೇ ಅವನ ನೆನಪಿನಲ್ಲಿ ಉಳಿಯುವುದು ಬೇಡ. "ಹಾಗಾದ್ರೆ ನೆಟ್ಟಗೆ ನೋಡ್ಕೊಳ್ಳಿ" ಅಂದಳು. ಜಲಪಾತಕ್ಕೆ ಬೆನ್ನು ಹಾಕಿ, ಬೆಳಕು ಮುಖದ ಮೇಲೆ ಬೀಳುವ ಹಾಗೆ ತಿರುಗಿ, ಅವನು ಸಾಕು ಅನ್ನುವವರೆಗೂ ಅಲ್ಲಾಡದೆ ನಿಂತಳು.